ಒಲೆಯ ವಾಸನೆ: ಹಂಡೆ ಒಲೆಯಿಂದ ಗ್ಯಾಸ್ ಗೀಸರಿನ ತನಕ

ಒಲೆಯ ಮುಂದೆ ಹುಟ್ಟುವ ವಾಸನೆಗಳಿಗೆ ಕನ್ನಡದಲ್ಲಿ ಎಷ್ಟೊಂದು ಹೆಸರು ನೋಡಿ. ತುಪ್ಪ ಕಾಯಿಸಿದರೆ ಘಮ, ಒಣಮೆಣಸಿನಕಾಯಿ ಹುರಿದರೆ ಘಾಟು, ಅನ್ನ ತಳ ಹಿಡಿದರೆ ಸೀದ ವಾಸನೆ, ಕೂದಲಿಗೆ ಬೆಂಕಿ ತಾಗಿದರೆ ಕಮರು, ಎಣ್ಣೆ ಹಳತಾದರೆ ಕಮಟು. ಇವೆಲ್ಲ ಬರೀ ರುಚಿಗಾಗಿ ಹುಟ್ಟಿದ ಪದಗಳಲ್ಲ. ಥರ್ಮಾಮೀಟರು, ಗೇಜು ಏನೂ ಇಲ್ಲದ ಕಾಲದಲ್ಲಿ ಒಲೆ ಸರಿಯಾಗಿ ಉರೀತಿದೆಯೋ ಇಲ್ಲವೋ ಅಂತ ಹೇಳುತ್ತಿದ್ದದ್ದು ಮೂಗು ಮತ್ತು ಕಣ್ಣು, ಎರಡೇ.

ರಾಜರ ಇತಿಹಾಸ, ಯುದ್ಧದ ಇತಿಹಾಸ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಇವತ್ತು ಬಚ್ಚಲು ಮನೆಯ ಇತಿಹಾಸ ನೋಡೋಣ. ನಗಬೇಡಿ, ಕೊನೆಗೆ ಇದು ಪ್ರಾಣದ ವಿಷಯಕ್ಕೇ ಬಂದು ನಿಲ್ಲುತ್ತದೆ.

ಹೊರದೇಶದ ಚಳಿ ಊರುಗಳಲ್ಲಿ ಮನೆ ಬೆಚ್ಚಗಿಡೋದಕ್ಕೆ ನೆಲಮಾಳಿಗೆಯಲ್ಲಿ ದೊಡ್ಡ ಕುಲುಮೆಯಂಥ ಯಂತ್ರ ಇರುತ್ತದೆ. ಅದರಿಂದ ವಿಚಿತ್ರ ವಾಸನೆ ಬಂದರೆ ಏನು ಮಾಡಬೇಕು ಅಂತ ಅವರಲ್ಲಿ ದೊಡ್ಡ ಚರ್ಚೆ. ಹೊಸಕೋಟೆ ತಾಲ್ಲೂಕಿನ ನಮ್ಮ ಅನುಗೊಂಡನಹಳ್ಳಿ ಹೋಬಳಿಯಲ್ಲಿ ಅಂಥ ಚಳಿ ಎಲ್ಲಿಯದು? ನಮ್ಮ ಮನೆಗಳ ಕುಲುಮೆ ಅಂದರೆ ಸ್ನಾನದ ನೀರು ಕಾಯಿಸುವ ಹಂಡೆ ಒಲೆ. ಗೋಡೆಗೆ ಸೇರಿಸಿ ಕಟ್ಟಿದ ಒಲೆ, ಮೇಲೆ ತಾಮ್ರದ ಹಂಡೆ, ಎಷ್ಟೋ ಮನೆಗಳಲ್ಲಿ ಬೆಂಕಿ ಹಾಕುವ ಬಾಯಿ ಗೋಡೆಯ ಆಚೆ. ಮೇಲೆ ನಾಡಹಂಚು. ಹೊಗೆ ಹಂಚಿನ ಸಂದಿಯಿಂದ, ಗವಾಕ್ಷಿಯಿಂದ ತಾನೇ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಬೆಂಗಳೂರು ಪೇಟೆಯ ಮನೆಗಳಲ್ಲಿ ನಲ್ಲಿ ಇರುವ ತಾಮ್ರದ ಬಾಯ್ಲರ್, ಮರದ ಹೊಟ್ಟು ಗಿಡಿದು ತುಂಬುವ ಹೊಟ್ಟಿನ ಒಲೆ, ಅದಕ್ಕೆಲ್ಲ ಸೌದೆ ಡಿಪೋ.

ಆ ಒಲೆ ಮಾತಾಡುತ್ತಿತ್ತು ಅನ್ನಬಹುದು. ಸೌದೆ ಹಸಿಯಾಗಿದ್ದರೆ ಕಣ್ಣುರಿಸುವ ಹೊಗೆ, ಬೆರಣಿ ಹಾಕಿದರೆ ಬೇರೆಯದೇ ವಾಸನೆ. ಕಣಗಿಲೆಯ ಕಡ್ಡಿಯನ್ನು ಸೌದೆಗೆ ಸೇರಿಸಲೇಬಾರದು, ಅದರ ಹೊಗೆಯೂ ವಿಷ. ನಮ್ಮ ತಾಲ್ಲೂಕಿನ ಹೊಲಗಳಿಗೆ ನೀಲಗಿರಿ ಬಂದ ಮೇಲೆ ಒಲೆಗೆ ಅದರ ಎಣ್ಣೆಯ ಘಾಟೂ ಸೇರಿತು. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ ನಂದಿಬೆಟ್ಟಕ್ಕೆ ಬಂತು ಎಂದು ಹೇಳುವ ಈ ಮರ 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ರಾಗಿ ಹೊಲಗಳಿಗೂ ಇಳಿಯಿತು. ನೀರು ಹೀರುತ್ತದೆ ಎಂಬ ದೊಡ್ಡ ಜಗಳದ ನಂತರ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಇವತ್ತಿಗೂ ಹಂಡೆ ಒಲೆ ಉಳಿದಿರುವ ಕಡೆ ಹಾಲಿನ ಕವರು, ಹಳೇ ಟೈರಿನ ಚೂರು ಹಾಕಿ ಬೆಂಕಿ ಹಚ್ಚುವವರಿದ್ದಾರೆ. ಪ್ಲಾಸ್ಟಿಕ್ ಸುಟ್ಟ ಆ ವಾಸನೆ ಬಂದರೆ ಅದು ಬರೀ ಕೆಟ್ಟ ವಾಸನೆಯಲ್ಲ, ವಿಷವನ್ನೇ ಉಸಿರಾಡುತ್ತಿದ್ದೇವೆ ಅಂತ ಅರ್ಥ.

ಹಳೇ ಒಲೆಯನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಊದುಕೊಳವೆ ಹಿಡಿದು ಕೂತ ಹೆಂಗಸರ ಶ್ವಾಸಕೋಶ ಏನಾಯಿತು ಅಂತ ಯಾರೂ ಲೆಕ್ಕ ಇಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2020ರ ಒಂದೇ ವರ್ಷ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು ಸುಮಾರು 32 ಲಕ್ಷ. ಈ ಹೊಗೆಯನ್ನು ವಿಜ್ಞಾನದ ಸಮಸ್ಯೆ ಎಂದು ಗಂಭೀರವಾಗಿ ನೋಡಿದವರಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಗುಂಪು ಕಟ್ಟಿದರು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವಿತ್ತು. ಅವರ ಕೆಲಸದಿಂದ ಬಂದದ್ದೇ ಅಸ್ತ್ರ ಒಲೆ: ಸಾಲಾಗಿ ಮೂರು ಪಾತ್ರೆ ಇಡಬಹುದು, ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯ ಮೂಲಕ ಸೂರಿನ ಆಚೆ. ಒಲೆ ಸುಧಾರಿಸುವುದು ಅಂದರೆ ಬೆಂಕಿ ಜೋರು ಮಾಡುವುದಲ್ಲ, ಗಾಳಿಗೆ ಬರುವ ದಾರಿ, ಹೋಗುವ ದಾರಿ ಎರಡನ್ನೂ ಮಾಡಿಕೊಡುವುದು ಅನ್ನೋದು ಅದರಲ್ಲಿದ್ದ ಪಾಠ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಬಂತು ಸೀಮೆಎಣ್ಣೆ. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ 1892ರಲ್ಲಿ ಮಾಡಿದ ಪ್ರೈಮಸ್ ಸ್ಟೌವಿನ ಮರಿಮಕ್ಕಳೇ ನಮ್ಮ ಪಂಪ್ ಸ್ಟೌಗಳು. ಅವುಗಳ ಜತೆಗೆ ಬತ್ತಿ ಸ್ಟೌ. ಬತ್ತಿ ಕರಕಲಾದರೆ ಹಳದಿ ಜ್ವಾಲೆ, ಪಾತ್ರೆಗೆ ಮಸಿ. ಆರಿಸಿದಾಗ ಏಳುವ ಬಿಳಿ ಹೊಗೆಯ ನಾತಕ್ಕೆ ಮನೆಮಂದಿಯೆಲ್ಲ ಮೂಗು ಮುಚ್ಚಬೇಕು. ಸೀಮೆಎಣ್ಣೆಯನ್ನಂತೂ ಯಾರೂ ನೀರು ಅಂತ ತಪ್ಪು ತಿಳಿಯುವ ಹಾಗಿರಲಿಲ್ಲ, ವಾಸನೆಯೇ ಸಾರಿ ಹೇಳುತ್ತಿತ್ತು. ರೇಷನ್ನಿನದು ಕಾಳಸಂತೆಗೆ ಹೋಗದಿರಲಿ ಅಂತ ಅದಕ್ಕೆ ನೀಲಿ ಬಣ್ಣ ಬೇರೆ ಹಾಕಿದರು.

ಹಾಗೆ ಬಣ್ಣ ಹಾಕಿದ ಹಾಗೇ ಗ್ಯಾಸಿಗೆ ವಾಸನೆ ಹಾಕಿದ್ದಾರೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಸಿಲಿಂಡರಿನಲ್ಲಿರುವ ಪ್ರೊಪೇನ್, ಬ್ಯುಟೇನ್‌ಗಳಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ನಮ್ಮ ಮೂಗಿಗೆ ಬಡಿಯುವ ಆ ಕೊಳೆತ ಕೋಸಿನ ನಾತ ಈಥೈಲ್ ಮರ್ಕ್ಯಾಪ್ಟಾನ್ ಎಂಬ ಗಂಧಕದ ಸಂಯುಕ್ತದ್ದು. ಒಂದಿಷ್ಟೇ ಇಷ್ಟು ಬೆರೆಸಿದರೂ ಸಾಕು.

ಇದರ ಹಿಂದೆ ಒಂದು ದೊಡ್ಡ ದುರಂತ ಇದೆ. ಅಮೆರಿಕದ ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನಲ್ಲಿ ಶಾಲೆಯೊಂದು ಕಾಸು ಉಳಿಸಲಿಕ್ಕೆ ಎಣ್ಣೆ ಬಾವಿಗಳಿಂದ ಬರುವ ಗ್ಯಾಸಿನ ಕೊಳವೆಗೆ ತಾನೇ ಸಂಪರ್ಕ ಎಳೆದುಕೊಂಡಿತ್ತು. ಅದಕ್ಕೆ ವಾಸನೆ ಇರಲಿಲ್ಲ. ಸೋರಿದ್ದು ಕಟ್ಟಡದ ಅಡಿಯಲ್ಲಿ ತುಂಬುತ್ತಲೇ ಇತ್ತು. ಮಕ್ಕಳು ತಲೆನೋವು ಅನ್ನುತ್ತಿದ್ದರೂ ಕಾರಣ ಯಾರಿಗೂ ಹೊಳೆಯಲಿಲ್ಲ. 1937ರ ಮಾರ್ಚ್ 18ರಂದು ವಿದ್ಯುತ್ ಯಂತ್ರವೊಂದರ ಕಿಡಿ ತಾಗಿ ಕಟ್ಟಡವೇ ಹಾರಿಹೋಯಿತು. ಸತ್ತವರು ಮುನ್ನೂರರ ಆಸುಪಾಸು, ಹೆಚ್ಚಿನವರು ಮಕ್ಕಳು. ಗ್ಯಾಸಿಗೆ ವಾಸನೆ ಬೆರೆಸಬೇಕೆಂಬ ಕಾನೂನು ಟೆಕ್ಸಸ್‌ನಲ್ಲಿ ಬಂದದ್ದು ಆಮೇಲೆ, ನಂತರ ಬೇರೆ ಕಡೆಗಳಿಗೂ ಹಬ್ಬಿತು. ನಮ್ಮ ದೇಶದಲ್ಲಿ ಬರ್ಮಾ ಶೆಲ್ ಕಂಪನಿ 1955ರಲ್ಲಿ ಮುಂಬಯಿಯಲ್ಲಿ ಅಡುಗೆ ಅನಿಲ ತಂದಿತು, 1965ರಲ್ಲಿ ಇಂಡೇನ್ ಬಂತು, 2016ರ ಉಜ್ವಲಾ ಯೋಜನೆಯಿಂದ ಹಳ್ಳಿಯ ಬಡ ಮನೆಗಳಿಗೂ ಸಿಲಿಂಡರು ತಲುಪಿತು. ಅಡುಗೆಮನೆಯಲ್ಲಿ ನಮ್ಮನ್ನು ಎಚ್ಚರಿಸುವ ಆ ನಾತದ ಹಿಂದೆ ಆ ಮಕ್ಕಳ ನೆನಪೂ ಇದೆ.

ವಾಸನೆ ಬಂದರೆ ಏನು ಮಾಡಬೇಕು? ಒಲೆಯ ನಾಬು, ರೆಗ್ಯುಲೇಟರು ಎರಡನ್ನೂ ಮುಚ್ಚಿ, ಬಾಗಿಲು ಕಿಟಕಿ ತೆಗೆಯಿರಿ. ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ, ಎಕ್ಸಾಸ್ಟ್ ಫ್ಯಾನು ಕೂಡ ಬೇಡ. ದೇವರ ದೀಪ ಉರಿಯುತ್ತಿದ್ದರೆ ನಂದಿಸಿ. ಎಲ್ಲರನ್ನೂ ಹೊರಗೆ ಕಳಿಸಿ, ನೀವೂ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ನೀರಿನ ಹಾಗೆ ಹರಡುತ್ತದೆ. ಹಾಗಾಗಿ ಕೆಳಗಿನ ಗಾಳಿ ಹೊರಹೋಗಲು ದಾರಿ ಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದು ಸೂರಿಗೆ ಏರುತ್ತದೆ. ಸೋರಿಕೆ ಹುಡುಕಲು ಸೋಪಿನ ನೀರು ಸಾಕು, ಬೆಂಕಿಕಡ್ಡಿ ಗೀರಿ ನೋಡುವ ಸಾಹಸ ಬೇಡ. ಸಿಲಿಂಡರು ಮುಗಿಯುವ ಹೊತ್ತಿಗೆ ನಾತ ಹೆಚ್ಚಾಗುವುದುಂಟು, ಯಾಕೆಂದರೆ ಮರ್ಕ್ಯಾಪ್ಟಾನ್ ಗ್ಯಾಸಿಗಿಂತ ನಿಧಾನವಾಗಿ ಆವಿಯಾಗಿ ತಳದಲ್ಲಿ ಉಳಿಯುತ್ತದೆ. ಹಾಗಂತ ‘ಖಾಲಿ ಆಗ್ತಿದೆ ಬಿಡಿ’ ಅಂತ ಸುಮ್ಮನಿರಬೇಡಿ, ನೋಡಿಯೇ ಬಿಡಿ.

ಈ ಕಾವಲುಗಾರನಿಗೂ ಮಿತಿ ಇದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ನೆಗಡಿಯಾದವರಿಗೆ, ವಯಸ್ಸಾದವರಿಗೆ ಗೊತ್ತಾಗುವುದು ಕಷ್ಟ. 2020-21ರ ಕೋವಿಡ್‌ನಲ್ಲಿ ಎಷ್ಟೋ ಜನ ವಾಸನೆಯನ್ನೇ ಕಳೆದುಕೊಂಡಾಗ ಅಡುಗೆಮನೆಯ ಈ ಕಾವಲು ಸದ್ದಿಲ್ಲದೆ ಎದ್ದುಹೋಗಿತ್ತು.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಹಂಡೆ ಒಲೆಯ ಜಾಗಕ್ಕೆ ಈಗ ಗ್ಯಾಸ್ ಗೀಸರು ಬಂದಿದೆ. ಹಂಚು ಹೋಗಿ ಮೋಲ್ಡ್ ಬಂತು, ಗವಾಕ್ಷಿ ಹೋಗಿ ಗಾಜಿನ ಕಿಟಕಿ ಬಂತು, ಚಳಿಗಾಲದಲ್ಲಿ ಅದನ್ನೂ ಮುಚ್ಚುತ್ತೇವೆ. ಗೀಸರು ಉರಿಯಲು ಬಹಳ ಗಾಳಿ ಬೇಕು. ಮುಚ್ಚಿದ ಬಚ್ಚಲಿನಲ್ಲಿ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಣ್ಣವಿಲ್ಲ, ಘಾಟಿಲ್ಲ, ವಾಸನೆಯೂ ಇಲ್ಲ. ಮರ್ಕ್ಯಾಪ್ಟಾನ್ ಉರಿದೇ ಹೋಗಿರುತ್ತದೆ, ಹಾಗಾಗಿ ಅದೂ ಎಚ್ಚರಿಸುವುದಿಲ್ಲ. ಸ್ನಾನಕ್ಕೆ ಹೋದವರು ಬಾಗಿಲು ತೆಗೆಯಲೇ ಇಲ್ಲ ಎಂಬ ಸುದ್ದಿ ಬೆಂಗಳೂರಿನ ಪೇಪರುಗಳಲ್ಲಿ ಮತ್ತೆ ಮತ್ತೆ ಬರುವುದು ಇದಕ್ಕೇ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗುವವರಿಗೂ ಇದೇ ಅಪಾಯ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1890ರ ದಶಕದಲ್ಲೇ ಹಾಲ್ಡೇನ್ ಎಂಬ ವಿಜ್ಞಾನಿ ಇದನ್ನು ಪತ್ತೆ ಹಚ್ಚಲು ಪುಟ್ಟ ಪ್ರಾಣಿಗಳನ್ನು ಒಯ್ಯಿರಿ ಎಂದಿದ್ದ. ಕ್ಯಾನರಿ ಹಕ್ಕಿಗಳು 1986ರವರೆಗೂ ಅಲ್ಲಿ ಆ ಕೆಲಸ ಮಾಡಿದವು. ನಮ್ಮ ಬಚ್ಚಲಲ್ಲಿ ಹಕ್ಕಿಯೂ ಇಲ್ಲ.

ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಸದ್ಯಕ್ಕೆ ಒಳಗೇ ಇದ್ದರೆ ಕಿಟಕಿ ಬಾಗಿಲು ತೆಗೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಗೀಸರು ಆರಿಸಿ, ಆಮೇಲೆ ಸ್ನಾನ ಮಾಡಿ. ಜ್ವಾಲೆ ನೀಲಿ ಇರಬೇಕು, ಹಳದಿ ಆದರೆ ರಿಪೇರಿಯವರನ್ನು ಕರೆಸಿ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಮೊದಲು ಹೊರಗಿನ ಗಾಳಿಗೆ ಬನ್ನಿ. ಯಾರಾದರೂ ಬಿದ್ದಿದ್ದರೆ ಅವರನ್ನು ಹೊರಗೆ ಎಳೆದು 108 ಕರೆಯಿರಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ, ಸಾಧ್ಯವಾದರೆ ಒಂದು ಹಾಕಿಸಿ.

ಸೌದೆ ತಾನೇ ಕೂಗಿ ಹೇಳುತ್ತಿತ್ತು, ಗ್ಯಾಸಿಗೆ ನಾವು ಬಾಯಿ ಕೊಟ್ಟೆವು, ಈ ಮೂರನೆಯದು ಮೂಕ. ಅದರ ಮುಂದೆ ಮೂಗು ನಂಬಿ ಕೂರುವ ಹಾಗಿಲ್ಲ. ಅಸ್ತ್ರ ಒಲೆ ಕಟ್ಟಿದವರು ಹೇಳಿದ್ದ ಆ ಎರಡು ದಾರಿಗಳನ್ನೇ ನಂಬಬೇಕು.

ನಿಮ್ಮೂರ ಕಡೆ ಹಂಡೆ ಒಲೆಗೆ, ಅದರ ಹೊಗೆಗೆ ಏನೇನು ಹೆಸರಿತ್ತು? ಧಾರವಾಡದವರು, ಮಂಗಳೂರಿನವರು ಖಂಡಿತ ಬೇರೆ ಹೇಳುತ್ತೀರಿ. ಬರೆದು ತಿಳಿಸಿ. ಅದಕ್ಕೂ ಮೊದಲು ಒಮ್ಮೆ ನಿಮ್ಮ ಬಚ್ಚಲಿನ ಕಿಟಕಿ ತೆಗೆದಿದೆಯಾ ನೋಡಿ ಬನ್ನಿ.