ಸಂಪಾದಕೀಯ ಪುಟದಲ್ಲಿ ಹುಟ್ಟಿದ ಶಾಸ್ತ್ರ: ಕೆ. ಸುಬ್ರಹ್ಮಣ್ಯಂ ಮತ್ತು ಭಾರತದ ರಕ್ಷಣಾ ಚಿಂತನೆ

1962ರ ಚೀನಾ ಯುದ್ಧದ ಸೋಲಿನ ಕಾರಣಗಳನ್ನು ಶೋಧಿಸಿದ ಹೆಂಡರ್‌ಸನ್ ಬ್ರೂಕ್ಸ್ ವರದಿ 1963ರಲ್ಲೇ ಸಿದ್ಧವಾಗಿತ್ತು. ಸರ್ಕಾರ ಅದನ್ನು ಇನ್ನೂ ಪ್ರಕಟಿಸಿಲ್ಲ. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ತಮ್ಮ ಬಳಿಯಿದ್ದ ಭಾಗವನ್ನು ಹೊರಗಿಟ್ಟಾಗಲೇ ಅದರಲ್ಲಿ ಏನಿದೆಯೆಂಬುದು ಜನರಿಗೆ ಅಷ್ಟಿಷ್ಟು ತಿಳಿದದ್ದು. ಕಡತಗಳಿಗೆ ಹೀಗೆ ಬೀಗ ಬಿದ್ದಿರುವಾಗ ಯುದ್ಧ, ಗಡಿ, ಅಣ್ವಸ್ತ್ರಗಳ ಬಗ್ಗೆ ಪಾಂಡಿತ್ಯ ಬೆಳೆಯುವುದು ಎಲ್ಲಿ? ನಮ್ಮಲ್ಲಿ ಅದು ಬೆಳೆದದ್ದು ವಿಶ್ವವಿದ್ಯಾಲಯಗಳಿಗಿಂತ ಹೆಚ್ಚಾಗಿ ದಿನಪತ್ರಿಕೆಗಳ ಸಂಪಾದಕೀಯ ಪುಟಗಳಲ್ಲಿ. ಹೀಗಾದದ್ದಕ್ಕೆ ಕೆ. ಸುಬ್ರಹ್ಮಣ್ಯಂ ಅವರ ಬದುಕೇ ಸಾಕ್ಷಿ.

ಬೇರುಗಳನ್ನು ಇನ್ನೂ ಹಿಂದಕ್ಕೆ ಹುಡುಕಬಹುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಸಿಕ್ಕ ‘ಅರ್ಥಶಾಸ್ತ್ರ’ದ ತಾಳೆಗರಿ ಪ್ರತಿ 1909ರಲ್ಲಿ ಅಚ್ಚಾಯಿತು. ಅಂದಿನಿಂದ ಕೌಟಿಲ್ಯನ ಹೆಸರು ಹೇಳದೆ ರಕ್ಷಣಾ ವಿಚಾರ ಮಾತಾಡುವವರು ಅಪರೂಪ. ಆದರೆ ಹೆಸರು ಹೇಳುವುದು ಬೇರೆ, ಆ ಶಿಸ್ತಿನಿಂದ ಯೋಚಿಸುವುದು ಬೇರೆ. 1945ರಲ್ಲಿ ಹಿಂದೂ ಮಹಾಸಾಗರದ ಮಹತ್ವವನ್ನು ಕುರಿತು ಪುಸ್ತಕ ಬರೆದ ಕೆ.ಎಂ. ಪಣಿಕ್ಕರ್ ಅವರಂಥವರು ಒಬ್ಬಿಬ್ಬರು ಇದ್ದರು, ಅಷ್ಟೆ. ಪಂಥವೊಂದು ಕಟ್ಟಿಕೊಳ್ಳಲಿಲ್ಲ.

ಸುಬ್ರಹ್ಮಣ್ಯಂ 1929ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. 1951ರಲ್ಲಿ ಐಎಎಸ್ ಸೇರಿದರು. ಚೀನಾ ಯುದ್ಧದ ಆಸುಪಾಸಿನಲ್ಲಿ ರಕ್ಷಣಾ ಇಲಾಖೆಯಲ್ಲಿ ಉಪಕಾರ್ಯದರ್ಶಿಯಾಗಿದ್ದುದು ಅವರ ದಾರಿಯನ್ನೇ ತಿರುಗಿಸಿತು. ಆಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಒಂದಿಷ್ಟು ಕಾಲ ಅಧ್ಯಯನ ನಡೆಸಿ, 1968ರಲ್ಲಿ ದೆಹಲಿಯ ರಕ್ಷಣಾ ಅಧ್ಯಯನ ಮತ್ತು ವಿಶ್ಲೇಷಣಾ ಸಂಸ್ಥೆಯ ನಿರ್ದೇಶಕರಾದರು. ಎಲ್ಲರ ಬಾಯಲ್ಲಿ ‘ಐಡಿಎಸ್‌ಎ’ ಎಂದೇ ನೆಲೆಸಿದ ಈ ಸಂಸ್ಥೆ 1965ರ ನವೆಂಬರ್‌ನಲ್ಲಿ ಶುರುವಾಗಿತ್ತು. ಅದಕ್ಕೆ ರೂಪ ಬಂದದ್ದು ಸುಬ್ರಹ್ಮಣ್ಯಂ ಅಲ್ಲಿ ಕೂತ ಎರಡು ಅವಧಿಗಳಲ್ಲಿ, 1968ರಿಂದ 75 ಮತ್ತು 1980ರಿಂದ 87.

ನಡುವಿನ ವರ್ಷಗಳಲ್ಲಿ ತಮಿಳುನಾಡಿನಲ್ಲಿ ಗೃಹ ಕಾರ್ಯದರ್ಶಿ, ದೆಹಲಿಯಲ್ಲಿ ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷ, ರಕ್ಷಣಾ ಉತ್ಪಾದನಾ ಕಾರ್ಯದರ್ಶಿ. ಹೀಗೆ ಒಂದು ಕಾಲು ಸರ್ಕಾರದ ಒಳಗೆ, ಇನ್ನೊಂದು ಹೊರಗೆ. ಅವರ ಬರವಣಿಗೆಯ ಬಲವೂ ಅದರ ಮೇಲಿನ ಅನುಮಾನವೂ ಹುಟ್ಟಿದ್ದು ಇಲ್ಲಿಂದಲೇ.

1971ರ ಮಾರ್ಚ್ ಕೊನೆಯ ಮಾತನ್ನೇ ನೋಡಿ. ಪೂರ್ವ ಪಾಕಿಸ್ತಾನದಲ್ಲಿ ಸೇನಾ ದಮನ ಶುರುವಾಗಿ ವಾರವೂ ಆಗಿರಲಿಲ್ಲ. ದೆಹಲಿಯ ವಿಚಾರ ಸಂಕಿರಣವೊಂದರಲ್ಲಿ ಅವರು, ಪಾಕಿಸ್ತಾನ ಒಡೆಯುವುದು ಭಾರತದ ಹಿತಕ್ಕೆ ಅನುಕೂಲ, ಇಂಥ ಅವಕಾಶ ಮತ್ತೆ ಬಾರದು ಎಂಬ ಅರ್ಥದಲ್ಲಿ ಮಾತಾಡಿದರು. ಪಾಕಿಸ್ತಾನ ಅದನ್ನು ದೆಹಲಿಯ ಸಂಚಿಗೆ ಪುರಾವೆಯೆಂದು ಎತ್ತಿ ತೋರಿಸಿತು. ವಾಸ್ತವದಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಆಗ ಕೂಡಲೇ ಯುದ್ಧಕ್ಕಿಳಿಯಲು ಸಿದ್ಧವಿರಲಿಲ್ಲ. ವಿದ್ವಾಂಸನ ಅಭಿಪ್ರಾಯ ಯಾವುದು, ಸರ್ಕಾರದ ನಿಲುವು ಯಾವುದು ಎಂಬ ಗೊಂದಲ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆ ಗೊಂದಲ ಅವರಿಗೆ ತೀರಾ ಬೇಡವಾಗಿತ್ತೆಂದೂ ನನಗೆ ಅನಿಸುವುದಿಲ್ಲ.

ಅವರ ಹೆಸರು ಹೆಚ್ಚಾಗಿ ಅಂಟಿಕೊಂಡದ್ದು ಬಾಂಬಿಗೆ. ಚೀನಾ 1964ರ ಅಕ್ಟೋಬರ್‌ನಲ್ಲಿ ಪರಮಾಣು ಪರೀಕ್ಷೆ ನಡೆಸಿದ ಮೇಲೆ ಭಾರತಕ್ಕೂ ಆ ಶಕ್ತಿ ಬೇಕೆಂದು ವಾದಿಸಿದ ಮೊದಲಿಗರಲ್ಲಿ ಅವರೊಬ್ಬರು. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಐದು ದೇಶಗಳಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು ನ್ಯಾಯ ಮಾಡುತ್ತದೆ ಎಂಬುದು ಅವರ ಪಟ್ಟು. ವಿದೇಶಿ ಪತ್ರಿಕೆಗಳು ಅವರನ್ನು ಯುದ್ಧಪ್ರಿಯರ ಸಾಲಿಗೆ ಸೇರಿಸಿದವು. ಆದರೆ ಅವರ ತರ್ಕ ಸಾಗಿದ್ದು ಬೇರೆ ದಿಕ್ಕಿನಲ್ಲಿ: ಅಣ್ವಸ್ತ್ರ ಯುದ್ಧ ಮಾಡುವುದಕ್ಕಲ್ಲ, ಬೆದರಿಕೆಗೆ ಮಣಿಯದೆ ಇರುವುದಕ್ಕೆ, ಹಾಗಾಗಿ ಸ್ವಲ್ಪವೇ ಸಾಕು, ಮೊದಲು ಬಳಸಲೂಬಾರದು. 1998ರ ಪೋಖರಣ್ ಅಣ್ವಸ್ತ್ರ ಪರೀಕ್ಷೆಗಳ ನಂತರ ಅವರೇ ಸಂಚಾಲಕರಾಗಿದ್ದ ರಾಷ್ಟ್ರೀಯ ಭದ್ರತಾ ಸಲಹಾ ಮಂಡಳಿ 1999ರ ಆಗಸ್ಟ್‌ನಲ್ಲಿ ಮುಂದಿಟ್ಟ ಕರಡು ನೀತಿಯ ತಿರುಳೂ ಇದೇ. 2009ರಲ್ಲಿ, 1998ರ ಹೈಡ್ರೋಜನ್ ಬಾಂಬ್ ಪರೀಕ್ಷೆ ಸರಿಯಾಗಿ ಸಿಡಿಯಲಿಲ್ಲವೆಂಬ ವಿವಾದ ಎದ್ದಾಗ, ಸಿಡಿತದ ಪ್ರಮಾಣವೊಂದೇ ಪ್ರತಿರೋಧದ ಬಲವನ್ನು ತೀರ್ಮಾನಿಸುವುದಿಲ್ಲ ಎಂದು ಅವರು ರಕ್ಷಣಾ ವಿಜ್ಞಾನಿ ವಿ.ಎಸ್. ಅರುಣಾಚಲಂ ಜತೆ ಬರೆದರು. ದೊಡ್ಡ ಬಾಂಬ್ ಬೇಕೆನ್ನುವವರಿಗೆ ಅದು ಹಿಡಿಸಲಿಲ್ಲ.

ನಿವೃತ್ತಿಯ ನಂತರ ‘ಟೈಮ್ಸ್ ಆಫ್ ಇಂಡಿಯಾ’ದ ಅಂಕಣ ಅವರ ಪಾಠಶಾಲೆಯಾಯಿತು. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಸ್ನೇಹವನ್ನು ಸಮರ್ಥಿಸಿದ್ದವರು 1991ರ ನಂತರ ಅಮೆರಿಕದ ಜತೆ ಕೈಜೋಡಿಸಬೇಕೆಂದರು. 2005ರ ಅಣು ಒಪ್ಪಂದವನ್ನು ಎಡಪಕ್ಷಗಳ ಸಿಟ್ಟಿನ ನಡುವೆ ಬೆಂಬಲಿಸಿದರು. ಇದನ್ನು ಪಕ್ಷಾಂತರ ಎಂದವರುಂಟು. ದೇಶದ ಹಿತ ಮಾತ್ರ ಸ್ಥಿರ, ಉಳಿದದ್ದೆಲ್ಲ ಬದಲಾಗಬಹುದು ಎಂಬ ಲೆಕ್ಕದಲ್ಲಿ ಅವರ ಈ ಬದಲಾವಣೆ ಸರಿಯೇ. ಆದರೆ ಆ ಹಿತ ಯಾವುದೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ಅವರ ಅಂಕಣಗಳು ಸಾಕಷ್ಟು ಕೇಳಲಿಲ್ಲ.

ಅಂಕಣಕಾರನಿಗೆ ಕಡತದ ಬಾಗಿಲು ನಿಜಕ್ಕೂ ತೆರೆದದ್ದು ಕಾರ್ಗಿಲ್ ಯುದ್ಧದ ನಂತರ. 1999ರ ಜುಲೈ ಕೊನೆಗೆ ರಚನೆಯಾದ ಪರಾಮರ್ಶೆ ಸಮಿತಿಗೆ ಸುಬ್ರಹ್ಮಣ್ಯಂ ಅಧ್ಯಕ್ಷರು, ಪತ್ರಕರ್ತ ಬಿ.ಜಿ. ವರ್ಗೀಸ್, ಲೆಫ್ಟಿನೆಂಟ್ ಜನರಲ್ ಕೆ.ಕೆ. ಹಜಾರಿ, ಸತೀಶ್ ಚಂದ್ರ ಜತೆಗಾರರು. ವರದಿ ವರ್ಷಾಂತ್ಯದೊಳಗೆ ಸಿದ್ಧವಾಯಿತು. ಕೆಲವು ಭಾಗಗಳನ್ನು ತೆಗೆದು ಅದನ್ನು ಸಂಸತ್ತಿನಲ್ಲಿ ಮಂಡಿಸಲಾಯಿತು, ಪುಸ್ತಕವಾಗಿಯೂ ಬಂತು. ವ್ಯಕ್ತಿಗಳ ಮೇಲೆ ಹೊಣೆ ಹೊರಿಸಲಿಲ್ಲವೆಂಬ ಟೀಕೆ ನ್ಯಾಯವಾದದ್ದೇ. ಆದರೂ ಗುಪ್ತಚರ ವ್ಯವಸ್ಥೆಯ ಸುಧಾರಣೆಗೆ ದಾರಿ ಮಾಡಿಕೊಟ್ಟದ್ದು ಅದೇ ವರದಿ. ಯುದ್ಧದ ಇತಿಹಾಸವನ್ನು ಬರೆಸಿ ದಾಖಲೆಗಳನ್ನು ಬಹಿರಂಗಪಡಿಸಬೇಕೆಂಬ ಅದರ ಸಲಹೆಗೆ ರಕ್ಷಣಾ ಇಲಾಖೆ ನೀತಿಯ ರೂಪ ಕೊಟ್ಟದ್ದು 2021ರಲ್ಲಿ.

ಇಷ್ಟರಲ್ಲಿ ಕ್ಷೇತ್ರ ಹಿಗ್ಗಿತ್ತು. 2001ರಿಂದ 2005ರೊಳಗೆ ವಾಯುಪಡೆ, ಭೂಸೇನೆ, ನೌಕಾಪಡೆಗಳ ನೆರಳಿನಲ್ಲಿ ಒಂದೊಂದು ಚಿಂತನ ಸಂಸ್ಥೆ ಎದ್ದವು. ಬೆಂಗಳೂರಿನಲ್ಲಿ ರಾಜಾ ರಾಮಣ್ಣ ಮೊದಲ ನಿರ್ದೇಶಕರಾಗಿದ್ದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ (ನಿಯಾಸ್) ಭದ್ರತಾ ಅಧ್ಯಯನಕ್ಕೂ ಜಾಗ ಕೊಟ್ಟಿತು. 2009ರಲ್ಲಿ ತಕ್ಷಶಿಲಾ ಎಂಬ ಚಿಂತನ ಸಂಸ್ಥೆ ಶುರುವಾಯಿತು. ಸಿ. ರಾಜಾ ಮೋಹನ್ ಅಂಕಣದ ಪರಂಪರೆಯನ್ನು ಮುಂದುವರಿಸಿದರು. ಶ್ರೀನಾಥ್ ರಾಘವನ್ 1971ರ ಕುರಿತ ತಮ್ಮ ಇತಿಹಾಸವನ್ನು ದೇಶವಿದೇಶಗಳ ದಾಖಲೆಗಳಿಂದ ಕಟ್ಟಿದರು; ಸುಬ್ರಹ್ಮಣ್ಯಂ ಪೀಳಿಗೆಗೆ ಆ ಭಾಗ್ಯ ಇರಲಿಲ್ಲ. ಕನ್ನಡದಲ್ಲಿ ಮಾತ್ರ ಈ ವಿಷಯ ಈಗಲೂ ಬಹುಪಾಲು ಸುದ್ದಿಸಂಸ್ಥೆಯ ಅನುವಾದವಾಗಿಯೇ ಬರುತ್ತದೆ. ವರ್ಷಗಟ್ಟಲೆ ಒಂದೇ ವಿಷಯದ ಬೆನ್ನು ಹತ್ತಿ ಬರೆಯುವ ಅಂಕಣ ಕಾಣುವುದು ಕಡಿಮೆ.

ಸಂಸ್ಥೆಗಳು ಹೆಚ್ಚಿದಂತೆ ಹಣ ಯಾರದ್ದು ಎಂಬ ಪ್ರಶ್ನೆಯೂ ಹೆಚ್ಚಿದೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆಯನ್ನೇ ಕಟ್ಟಿದ ಸುಬ್ರಹ್ಮಣ್ಯಂ ಇದನ್ನು ತಿಳಿಯದವರಲ್ಲ. 1999ರಲ್ಲಿ ಪದ್ಮಭೂಷಣ ಬಂದಾಗ, ಅಧಿಕಾರಿಗಳೂ ಪತ್ರಕರ್ತರೂ ಸರ್ಕಾರದಿಂದ ಪ್ರಶಸ್ತಿ ಪಡೆಯಬಾರದು ಎಂದು ಹೇಳಿ ಅವರು ಅದನ್ನು ಒಪ್ಪಿಕೊಳ್ಳಲಿಲ್ಲ.