ಏಪ್ರಿಲ್ 23: ಒಂದು ತಾರೀಖು, ಎರಡು ದಿನಗಳು

ಆಂಗ್ಲ ನಾಟಕಕಾರನಾದ ಷೇಕ್ಸ್‌ಪಿಯರನೂ, 'ಡಾನ್ ಕ್ವಿಕ್ಸೋಟ್' ಎಂಬ ಕಥೆಯನ್ನು ರಚಿಸಿದ ಸ್ಪೆಯಿನ್ ದೇಶದ ಸೆರ್ವಾಂಟೆಸನೂ 1616ನೆಯ ಇಸವಿ ಏಪ್ರಿಲ್ 23ರಂದು, ಒಂದೇ ದಿನ, ದಿವಂಗತರಾದರೆಂಬ ಮಾತು ಗ್ರಂಥಗಳಲ್ಲಿಯೂ ಭಾಷಣಗಳಲ್ಲಿಯೂ ಪದೇ ಪದೇ ಕಂಡುಬರುತ್ತಿರುವುದಷ್ಟೆ. ಯುನೆಸ್ಕೋ ಸಂಸ್ಥೆಯವರು 1995ರಲ್ಲಿ ಆ ತಾರೀಖನ್ನೇ ವಿಶ್ವ ಪುಸ್ತಕ ದಿನವನ್ನಾಗಿ ಗೊತ್ತುಮಾಡಿದ ಮೇಲೆ ಈ ಮಾತಿಗೆ ಮತ್ತಷ್ಟು ಪ್ರಚಾರ ದೊರೆತಿದೆ. ಉತ್ಸವಕ್ಕೆ ಯಾವ ದಿನವಾದರೂ ಆಗಬಹುದು. ಅದರಲ್ಲಿ ನಮಗೆ ವಿವಾದವಿಲ್ಲ. ಆದರೆ ಇಬ್ಬರೂ ಏಕದಿನದಲ್ಲಿ ಮೃತರಾದರೆಂಬುದು ನೈಯಾಯಿಕರ ಪರಿಭಾಷೆಯಲ್ಲಿ ಒಂದು ಪ್ರತಿಜ್ಞೆ. ತಾರೀಖು ಒಂದೇ ಆಗಿದೆಯೆಂಬುದು ಅದಕ್ಕೆ ಕೊಡುವ ಹೇತು. ಈ ಹೇತುವು ನಿಲ್ಲತಕ್ಕದ್ದೇ ಎಂಬುದನ್ನು ಪರೀಕ್ಷಿಸಬೇಕಾಗಿದೆ.

ಮೊದಲು ಆಧಾರಗಳನ್ನು ನೋಡೋಣ. ಷೇಕ್ಸ್‌ಪಿಯರನ ವಿಷಯದಲ್ಲಿ ತೊಡಕಿಲ್ಲ. ಸ್ಟ್ರಾಟ್‌ಫರ್ಡಿನ ಚರ್ಚಿನಲ್ಲಿರುವ ಆತನ ಸ್ಮಾರಕದ ಮೇಲೆ ಏಪ್ರಿಲ್ 23 ಎಂದು ಕೆತ್ತಲ್ಪಟ್ಟಿದೆ. ಅದೇ ಚರ್ಚಿನ ದಾಖಲೆಯಲ್ಲಿ 25ರಂದು ಶವಸಂಸ್ಕಾರವಾದುದು ಬರೆದಿದೆ. ಸೆರ್ವಾಂಟೆಸನ ವಿಷಯ ಹಾಗಲ್ಲ. ಆತನು ಏಪ್ರಿಲ್ 19ರಂದು, ಅಂತ್ಯಕಾಲದ ಧಾರ್ಮಿಕ ವಿಧಿಗಳು ಮುಗಿದ ಮೇಲೆಯೂ, ತನ್ನ ಕೊನೆಯ ಗ್ರಂಥಕ್ಕೆ ಅರ್ಪಣಪತ್ರಿಕೆಯನ್ನು ಬರೆದನು. ಮರಣಶಯ್ಯೆಯಲ್ಲಿಯೂ ಲೇಖನಿಯನ್ನು ಬಿಡದ ಆ ಧೈರ್ಯವನ್ನು ಕಂಡು ಯಾರಿಗೆ ತಾನೆ ವಿಸ್ಮಯವಾಗದು! ಆತನು 22ರಂದು ಮ್ಯಾಡ್ರಿಡ್ ನಗರದಲ್ಲಿ ತೀರಿಕೊಂಡನೆಂದೂ, 23 ಎಂಬುದು ಸಮಾಧಿಯ ದಿನವೆಂದೂ ಈಗಿನ ವಿದ್ವಾಂಸರು ಒಪ್ಪುತ್ತಾರೆ. ಹೀಗೆ ತಾರೀಖೇ ಒಂದು ದಿನ ಸಡಿಲಿತು.

ಇದು ಅಲ್ಪ ದೋಷ. ಮುಖ್ಯ ದೋಷವು ಬೇರೆ ಇದೆ. ಜೂಲಿಯನ್ ಪದ್ಧತಿಯಲ್ಲಿ ವರ್ಷದ ಸರಾಸರಿ ಪರಿಮಾಣವು 365¼ ದಿನ. ಇದು ಸೂರ್ಯನ ಗತಿಗಿಂತ ಸುಮಾರು 11 ನಿಮಿಷ ಹೆಚ್ಚಾದುದರಿಂದ, ಮಾರ್ಚ್ 21ರಂದು ಬೀಳಬೇಕೆಂದಿದ್ದ ವಿಷುವದ್ದಿನವು ಹದಿನಾರನೆಯ ಶತಮಾನದ ವೇಳೆಗೆ ಮಾರ್ಚ್ 11ಕ್ಕೆ ಸರಿದಿತ್ತು. ಹದಿಮೂರನೆಯ ಗ್ರೆಗರಿ ಪೋಪನು 10 ದಿನಗಳನ್ನು ಲೋಪಮಾಡಿದನು. ಆತನ ಆಜ್ಞೆಯಂತೆ ಸ್ಪೆಯಿನ್‌ನಲ್ಲಿ 1582ನೆಯ ಅಕ್ಟೋಬರ್ 4ನೆಯ ಗುರುವಾರದ ಮರುದಿನವೇ 15ನೆಯ ಶುಕ್ರವಾರವಾಯಿತು. ಪೋಪನ ಅಧಿಕಾರವನ್ನು ಒಪ್ಪದ ಇಂಗ್ಲೆಂಡಿನವರು ಆತನ ಗಣಿತವನ್ನೂ ತಿರಸ್ಕರಿಸಿ 1752ರವರೆಗೆ ಹಳೆಯ ಪದ್ಧತಿಯಲ್ಲಿಯೇ ಉಳಿದರು. ಆದಕಾರಣ 1616ರಲ್ಲಿ ಇಂಗ್ಲೆಂಡಿನ ಏಪ್ರಿಲ್ 23 ಎಂದರೆ ಸ್ಪೆಯಿನ್‌ನಲ್ಲಿ ಮೇ 3. ಸೆರ್ವಾಂಟೆಸನು ಗತಿಸಿ 11 ದಿನಗಳಾದ ಮೇಲೆ ಷೇಕ್ಸ್‌ಪಿಯರನು ಗತಿಸಿದನು. ದೇಶಭೇದವಿರುವಲ್ಲಿ ತಾರೀಖಿನ ಐಕ್ಯದಿಂದ ದಿನದ ಐಕ್ಯವು ಸಿದ್ಧಿಸದು, ಹೇತುವು ಸವ್ಯಭಿಚಾರವಾಗಿದೆ.

ನಮ್ಮ ಪಂಚಾಂಗದ ರೀತಿಯಿಂದ ಗಣಿಸಿದರೆ ಈ ಭೇದವು ಕರತಲಾಮಲಕವಾಗುತ್ತದೆ. ಎರಡು ಮರಣಗಳೂ ಶಾಲಿವಾಹನ ಶಕ 1538ನೆಯ ನಳ ಸಂವತ್ಸರದ ವೈಶಾಖಮಾಸಕ್ಕೆ ಸೇರಿದುವು. ಆದರೆ ಸೆರ್ವಾಂಟೆಸನ ಮರಣವು ಶುಕ್ಲಪಕ್ಷದಲ್ಲಿ, ಶುಕ್ರವಾರ; ಷೇಕ್ಸ್‌ಪಿಯರನದು ಹುಣ್ಣಿಮೆ ಕಳೆದ ಮೇಲೆ ಬಹುಳಪಕ್ಷದಲ್ಲಿ, ಮಂಗಳವಾರ. ಪೋಪನು ತಾರೀಖುಗಳನ್ನು ಲೋಪಮಾಡಿದರೂ ವಾರಗಳ ಕ್ರಮವನ್ನು ಮುಟ್ಟಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಜನರು ತಾರೀಖಿನ ಸಂಗಡ ವಾರವನ್ನೂ ನೆನಪಿಟ್ಟಿದ್ದರೆ ಈ ಭ್ರಾಂತಿಯು ಹುಟ್ಟುತ್ತಲೇ ಇರಲಿಲ್ಲ.

ಗೆಲಿಲಿಯೋ ಮಡಿದ ವರ್ಷದಲ್ಲಿಯೇ ನ್ಯೂಟನ್ನನು ಜನಿಸಿದನೆಂಬ ಪ್ರಸಿದ್ಧಿಯೂ ಇದೇ ಜಾತಿಯದು. ಗೆಲಿಲಿಯೋವಿನ ಮರಣವು ಇಟಲಿಯ ಗಣನೆಯಂತೆ 1642ನೆಯ ಜನವರಿ 8. ನ್ಯೂಟನ್ನನ ಜನನವು ಇಂಗ್ಲೆಂಡಿನ ಗಣನೆಯಂತೆ 1642ನೆಯ ಡಿಸೆಂಬರ್ 25, ಎಂದರೆ ಇಟಲಿಯಲ್ಲಿ 1643ನೆಯ ಜನವರಿ 4. ಒಂದೇ ಪದ್ಧತಿಯಿಂದ ಎಣಿಸಿದರೆ ವರ್ಷಗಳು ಬೇರೆಯಾಗುತ್ತವೆ.

ಹಾಗೆಂದು ನಮ್ಮ ಶಾಸನಗಳಲ್ಲಿ ದೋಷವೇ ಇಲ್ಲವೆಂದು ಹೇಳುವುದು ಸ್ವಪಕ್ಷಪಾತವಾದೀತು. ಕೃಷ್ಣದೇವರಾಯನ ಪಟ್ಟಾಭಿಷೇಕೋತ್ಸವವನ್ನು ಹೇಳುವ ಹಂಪೆಯ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಶಕ 1430 ಎಂದೂ, ಶುಕ್ಲ ಸಂವತ್ಸರ, ಮಾಘ ಶುದ್ಧ ಚತುರ್ದಶಿ ಎಂದೂ ಇದೆ. ಶಕದ ಅಂಕೆಯನ್ನು ಹಿಡಿದರೆ ಕ್ರಿ. ಶ. 1509, ಸಂವತ್ಸರವನ್ನು ಹಿಡಿದರೆ 1510. ಈ ಕಾರಣದಿಂದಲೇ ವಿದ್ವಾಂಸರಲ್ಲಿ ಮತಭೇದವುಂಟಾಗಿದೆ. ಸಂವತ್ಸರದ ಹೆಸರು ಜನರ ನಿತ್ಯವ್ಯವಹಾರದಲ್ಲಿದ್ದುದರಿಂದ ಅದರಲ್ಲಿ ತಪ್ಪು ನುಸುಳುವುದು ಕಷ್ಟ, ಶಕದ ಅಂಕೆಯಲ್ಲಿ ಸುಲಭ. ಆದುದರಿಂದ 1510ನೆಯ ಜನವರಿಯನ್ನೇ ಗ್ರಹಿಸಬೇಕೆಂದು ನಮಗೆ ತೋರುತ್ತದೆ. ಅಂಕೆಯೊಂದನ್ನೇ ಬರೆದು ಬಿಟ್ಟಿದ್ದರೆ ಅಲ್ಲಿ ವಿರೋಧವಿದೆಯೆಂಬುದು ಕೂಡ ನಮಗೆ ತಿಳಿಯುತ್ತಿರಲಿಲ್ಲ.