ತಾಳೆಯಾಗದ ಒಂಬೈನೂರು: ಕಾಫಿ ಸೀಮೆಯ ಬಿ.ಕಾಂ. ವಿದ್ಯಾರ್ಥಿಗಳ ಪರೀಕ್ಷಾ ಆತಂಕ

ಲೆಕ್ಕಶಾಸ್ತ್ರದ ಉತ್ತರಪತ್ರಿಕೆ ತಿದ್ದಲು ಕೂತವರಿಗೆಲ್ಲ ಈ ಪುಟ ಪರಿಚಿತ. ಸವಕಳಿ ಕಳೆದಿದೆ, ಕೊಡಬೇಕಾದ ಸಂಬಳ ಸೇರಿದೆ, ಮುಕ್ಕಾಲು ಪಾಲು ಲೆಕ್ಕ ಸರಿಯಾಗಿಯೇ ಇದೆ. ಕೊನೆಯಲ್ಲಿ ಅಢಾವೆ ಪತ್ರಿಕೆಯ ಎರಡು ಬದಿಗೂ 900 ರೂಪಾಯಿ ವ್ಯತ್ಯಾಸ. ಅಷ್ಟಕ್ಕೇ ಮೇಲಿಂದ ಕೆಳಗಿನವರೆಗೆ ಅಡ್ಡಗೆರೆ! ಪಕ್ಕದ ಪುಟದಲ್ಲಿ ಅದೇ ಲೆಕ್ಕ ಮತ್ತೆ ಶುರುವಾಗಿ ಆರನೇ ಸಾಲಿಗೆ ನಿಂತಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ವಿದ್ಯಾರ್ಥಿಗಳ ಆತಂಕವನ್ನು ಅರಿಯಲು ಹೊರಟವರು ಅಂಕಪಟ್ಟಿಗೆ ಮೊದಲು ಈ ಗೆರೆಯನ್ನು ಓದಬೇಕು ಎಂಬುದು ನನ್ನ ವಾದ.

ಸಂಶೋಧಕರಾದ ಲೈಬರ್ಟ್ ಮತ್ತು ಮಾರಿಸ್ 1967ರಲ್ಲಿ ಪರೀಕ್ಷಾ ಆತಂಕವನ್ನು ಎರಡಾಗಿ ಬಿಡಿಸಿದರು: ‘ಕೆಟ್ಟೆನಲ್ಲ’ ಎಂಬ ಚಿಂತೆ ಒಂದು, ಎದೆಬಡಿತ, ಬೆವರು ಇನ್ನೊಂದು. ಸ್ಪೀಲ್‌ಬರ್ಗರ್ 1980ರಲ್ಲಿ ಪ್ರಕಟಿಸಿದ 20 ಹೇಳಿಕೆಗಳ ಮಾಪನವೂ ಈ ವಿಂಗಡಣೆಯನ್ನೇ ಅನುಸರಿಸಿತು. 562 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಹೆಂಬ್ರಿ, ಆತಂಕ ಏರಿದಂತೆ ಸಾಧನೆ ಇಳಿಯುತ್ತದೆಂದು 1988ರಲ್ಲಿ ತೋರಿಸಿದರು. ಅಂಕಕ್ಕೆ ಹೆಚ್ಚು ಪೆಟ್ಟು ಕೊಡುವುದು ಚಿಂತೆಯೇ. ಆದರೆ ಇತಿಹಾಸದ ಉತ್ತರ ತಪ್ಪಾದರೆ ಅದು ಬರೆದವನಿಗೆ ಹಾಲ್‌ನಲ್ಲಿ ತಿಳಿಯುವುದಿಲ್ಲ. ಲೆಕ್ಕಶಾಸ್ತ್ರದಲ್ಲಿ ಪುಟವೇ ಹೇಳಿಬಿಡುತ್ತದೆ, ಅದೂ ಇನ್ನು ಹತ್ತು ನಿಮಿಷ ಉಳಿದಿರುವಾಗ. ಸಾಮಾನ್ಯ ಮಾಪನಗಳಲ್ಲಿ ಈ ಗಳಿಗೆಗೆ ಜಾಗವಿಲ್ಲ.

ಈ ಸೀಮೆಯ ಮಕ್ಕಳಿಗೆ ಲೆಕ್ಕ ಹೊಸದೇನಲ್ಲ. ಅರೇಬಿಕಾ ಹಣ್ಣು ಕೊಯ್ಯುವ ದಿನಗಳಲ್ಲಿ ಸಂಜೆ ಚೀಲಗಳು ತೂಕಕ್ಕೆ ಬರುತ್ತವೆ, ತೋಟದ ಲೆಕ್ಕ ಇಡುವ ರೈಟರು ಬರೆದುಕೊಳ್ಳುತ್ತಾರೆ. ತೋಟದ ಕೆಲಸಗಾರರ ಲೈನ್‌ಮನೆಯ ಹುಡುಗಿ ಅಮ್ಮನ ಕೆ.ಜಿ.ಗಳನ್ನು ಬಾಯಲ್ಲೇ ಕೂಡಿಸಿ, ‘ಅಣ್ಣ, ನಾಲ್ಕು ಕೆ.ಜಿ. ಬಿಟ್ಟೋಯ್ತು’ ಎಂದರೆ ಪುಸ್ತಕ ಅಲ್ಲೇ ತಿದ್ದುಪಡಿಯಾಗುತ್ತದೆ. ಅದೇ ಹುಡುಗಿ ಕುವೆಂಪು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ಮುಂದೆ ಕೂತಾಗ ಯಾರನ್ನೂ ಕೇಳುವಂತಿಲ್ಲ. ಜೊತೆಗೆ ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಬಂದವರಿಗೆ ವಿಷಯವೇ ಹೊಸದು. ಕನ್ನಡ ಮಾಧ್ಯಮದವರಿಗೆ ಪ್ರಶ್ನೆಯ ಇಂಗ್ಲಿಷ್ ಇನ್ನೊಂದು ಗುಡ್ಡ. ಬೆಸ ಸೆಮಿಸ್ಟರಿನ ಓದು ಕೊಯ್ಲಿನ ಮೇಲೆ ಬಿದ್ದರೆ ಅಭ್ಯಾಸದ ಹೊತ್ತೂ ಹೋಯಿತು. ಹಾಗಾಗಿ ಆತಂಕದಿಂದ ಅಂಕ ಇಳಿಯಿತೋ, ತಯಾರಿ ಸಾಲದೆ ಆತಂಕ ಏರಿತೋ ಎಂಬುದನ್ನು ಒಂದೇ ದಿನದ ಪ್ರಶ್ನಾವಳಿಯಿಂದ ಬಿಡಿಸಲಾಗದು.

ನನಗೆ ಸೂಕ್ತವೆನಿಸುವ ವಿಧಾನ ಹೀಗಿದೆ. ಒಂದೇ ಲೆಕ್ಕವನ್ನು ಎರಡು ರೂಪದಲ್ಲಿ ಕೊಡಬೇಕು: ಒಂದರಲ್ಲಿ ಅಢಾವೆ ಪತ್ರಿಕೆಯ ಅಂತಿಮ ಮೊತ್ತ ಮುದ್ರಿತ, ಇನ್ನೊಂದರಲ್ಲಿ ಇಲ್ಲ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಅಂಕಗಳ ಜೊತೆ ಹೊಡೆದುಹಾಕಿದ ಸಾಲುಗಳನ್ನೂ ಎಣಿಸಬೇಕು. ಆ ಸಾಲುಗಳನ್ನು ಬೇರೆಯಾಗಿ ತಿದ್ದಿ, ಗೆರೆ ಎಳೆಯದಿದ್ದರೆ ಎಷ್ಟು ಅಂಕ ಬರುತ್ತಿತ್ತೆಂದು ನೋಡಬೇಕು. ಹಿಂದಿನ ಸೆಮಿಸ್ಟರಿನ ಅಂಕಗಳನ್ನೂ ಜೊತೆಗಿಟ್ಟುಕೊಂಡರೆ ಆತಂಕ ಮತ್ತು ತಯಾರಿಯ ಪಾಲು ಸ್ವಲ್ಪವಾದರೂ ಬೇರ್ಪಡುತ್ತದೆ.

ಅಧ್ಯಯನ ಒಂದೆಡೆಯಿರಲಿ, ತಾಳೆಯಾಗದ ಲೆಕ್ಕದಲ್ಲಿ ತಪ್ಪು ಹುಡುಕುವ ಹಳೆಯ ಉಪಾಯಗಳು ನಮ್ಮ ತರಗತಿಗಳಲ್ಲಿ ಒಂದು ಪೀರಿಯಡ್‌ನಲ್ಲಿ ಮುಗಿದುಹೋಗುತ್ತವೆ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು: 5,400 ಹೋಗಿ 4,500 ಆದರೆ ಉಳಿಯುವುದು ಅದೇ 900. ಬದಿ ತಪ್ಪಿದ್ದರೆ ವ್ಯತ್ಯಾಸದ ಅರ್ಧವನ್ನು ಹುಡುಕಬೇಕು. ಎರಡೂ ಕೈಕೊಟ್ಟರೆ ಅನಾಮತು ಖಾತೆ ಇದೆ. ವ್ಯತ್ಯಾಸವನ್ನು ಅದಕ್ಕೆ ಹಾಕಿ ಮುಂದೆ ಸಾಗುವುದು ಲೆಕ್ಕಿಗರು ನಿತ್ಯ ಮಾಡುವ ಕೆಲಸ. ಸರಿಯಿದ್ದ ನಮೂದುಗಳಿಗೆ ಅಂಕ ಸಿಗುತ್ತದೆ, ಪುಟದ ಮೇಲೆ ಗೆರೆ ಇಲ್ಲದಿದ್ದರೆ.